ದೃಶ್ಯಕ್ಕೆ ಸಂಗೀತ ಕೂಡಿಸಲು ರೀಪರ್ ಮತ್ತು ಒಸಾರಾ: ದೃಷ್ಟಿಯಿಲ್ಲದ ಸಂಗೀತಗಾರನ ವಿಮರ್ಶೆ

ಊರ ಕೆರೆಯೊಂದರ ಬಗ್ಗೆ ತೆಗೆದ 11 ನಿಮಿಷದ ಸಾಕ್ಷ್ಯಚಿತ್ರಕ್ಕೆ ಹಿನ್ನೆಲೆ ಸಂಗೀತ ಮಾಡಿಕೊಡಬಹುದೇ ಎಂದು ಪರಿಚಯದ ನಿರ್ದೇಶಕರೊಬ್ಬರು ಕೇಳಿದಾಗ ನಾನು ಹೆಚ್ಚು ಯೋಚಿಸದೆ ಒಪ್ಪಿಕೊಂಡೆ. ನನಗೆ ಹುಟ್ಟಿನಿಂದಲೂ ದೃಷ್ಟಿಯಿಲ್ಲ; ಹಾರ್ಮೋನಿಯಂ ಮತ್ತು ಕೀಬೋರ್ಡ್ ನನ್ನ ವಾದ್ಯಗಳು. ಅಷ್ಟು ಧೈರ್ಯವಾಗಿ ಒಪ್ಪಿಕೊಳ್ಳಲು ಕಾರಣ, ಕೆಲವು ವರ್ಷಗಳಿಂದ ದಿನವೂ ಬಳಸುತ್ತಿರುವ ರೀಪರ್ ಎಂಬ ಧ್ವನಿಮುದ್ರಣ ತಂತ್ರಾಂಶ ಮತ್ತು ಅದಕ್ಕೆ ಬಾಯಿ ಕೊಡುವ ಒಸಾರಾ ಎಂಬ ಪುಟ್ಟ ಜೋಡಣೆ. ಹಾಡು ಮುದ್ರಿಸುವುದಕ್ಕೆ ಇವೆರಡೂ ಹೇಗೆ ಒದಗುತ್ತವೆ ಎಂಬುದು ದೃಷ್ಟಿಯಿಲ್ಲದ ಅನೇಕ ಸಂಗೀತಗಾರರಿಗೆ ಗೊತ್ತಿದೆ. ಚಲಿಸುವ ಚಿತ್ರಕ್ಕೆ, ಅಂದರೆ ನಮ್ಮ ಚಿತ್ರರಂಗದವರು ರೀರೆಕಾರ್ಡಿಂಗ್ ಎಂದು ಕರೆಯುವ ಕೆಲಸಕ್ಕೆ, ಇವು ಎಷ್ಟರ ಮಟ್ಟಿಗೆ ನಂಬಿಕೆಗೆ ಅರ್ಹ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪರದೆಯ ಮೇಲೆ ಏನು ಕಾಣುತ್ತಿದೆ ಎಂಬುದನ್ನು ಈ ತಂತ್ರಾಂಶ ಹೇಳಲಾರದು; ಆದರೆ ಅದು ಯಾವಾಗ ಕಾಣುತ್ತದೆ ಎಂಬ ಲೆಕ್ಕವನ್ನು ಕೂದಲೆಳೆಯಷ್ಟೂ ತಪ್ಪದಂತೆ ನಮ್ಮ ಕೈಗೆ ಕೊಡುತ್ತದೆ. ದೃಶ್ಯಕ್ಕೆ ಸಂಗೀತ ಮಾಡುವವನಿಗೆ ಬೇಕಾದ ಅರ್ಧ ಭಾಗ ಇದೇ ಆಗಿರುವುದರಿಂದ ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಉಳಿದರ್ಧಕ್ಕೆ ಕಣ್ಣಿರುವ ಮನುಷ್ಯರೊಬ್ಬರ ತಾಳ್ಮೆ ಬೇಕೇ ಬೇಕು.

ರೀಪರ್ ಅನ್ನು ರೂಪಿಸಿದ ಕಂಪನಿ ಕಾಕೋಸ್. ಅದನ್ನು ಕಟ್ಟಿದ ಜಸ್ಟಿನ್ ಫ್ರಾಂಕೆಲ್ ಅವರೇ ಹಿಂದೆ ಹಾಡು ಕೇಳಿಸುವ ವಿನ್ಆ್ಯಂಪ್ ತಂತ್ರಾಂಶ ಬರೆದವರು. ಝಡ್, ಎಕ್ಸ್, ಸಿ, ವಿ, ಬಿ ಎಂಬ ಸಾಲಿನ ಐದು ಕೀಲಿಗಳಲ್ಲೇ ಹಾಡನ್ನು ಹಿಂದೆ ಮುಂದೆ ಮಾಡಲು, ನುಡಿಸಲು, ನಿಲ್ಲಿಸಲು ಆಗುತ್ತಿದ್ದ ಆ ವಿನ್ಆ್ಯಂಪ್ ಮೌಸ್ ಹಿಡಿಯಲಾಗದ ನಮ್ಮಂಥವರಿಗೆ ಎಷ್ಟು ಆಪ್ತವಾಗಿತ್ತೆಂಬುದು ಅಂದಿನವರಿಗೆ ನೆನಪಿರಬಹುದು. ರೀಪರ್‌ನ ಮೊದಲ ಪೂರ್ಣ ಆವೃತ್ತಿ 2006ರಲ್ಲಿ ಬಂದಿತು. ಅದರಲ್ಲಿಯೂ ಸಾವಿರಾರು ಕೆಲಸಗಳಿಗೆ ನಮಗೆ ಬೇಕಾದ ಕೀಲಿಯನ್ನು ನಾವೇ ಗೊತ್ತುಮಾಡಿಕೊಳ್ಳಬಹುದು. ಆದರೆ ರೀಪರ್ ಒಂದೇ ಇದ್ದರೆ, ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಅದರ ಮುಖ್ಯ ಪರದೆಯಲ್ಲಿ ಓದಲು ಹೆಚ್ಚೇನೂ ಸಿಗುವುದಿಲ್ಲ. ಆ ಕೊರತೆಯನ್ನು ತುಂಬುವುದು ಒಸಾರಾ. ಇದನ್ನು ಆರಂಭಿಸಿದ ಜೇಮ್ಸ್ ಟೆ ಸ್ವತಃ ದೃಷ್ಟಿಯಿಲ್ಲದವರು. ಮೈಕೆಲ್ ಕರನ್ ಅವರ ಜೊತೆಗೂಡಿ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಅನ್ನು ಬೆಳೆಸಿದವರೂ ಅವರೇ. ಒಸಾರಾ ಉಚಿತ, ಮುಕ್ತ ಆಕರದ್ದು. ವಿಂಡೋಸ್‌ನಲ್ಲಿ ಎನ್‌ವಿಡಿಎ ಅಥವಾ ಜಾಸ್ ಎಂಬ ಇನ್ನೊಂದು ಸ್ಕ್ರೀನ್ ರೀಡರ್ ಜೊತೆ, ಮ್ಯಾಕ್‌ನಲ್ಲಿ ವಾಯ್ಸ್‌ಓವರ್ ಜೊತೆ ಅದು ಕೆಲಸ ಮಾಡುತ್ತದೆ. ಈ ತಂತ್ರಾಂಶದ ಮುಂದೆ ಕುಳಿತಾಗ, ನಮ್ಮ ತೊಡಕನ್ನು ಊಹಿಸಿದವರಲ್ಲ, ಅನುಭವಿಸಿದವರೇ ಇದನ್ನು ಮಾಡಿದ್ದಾರೆ ಎಂಬುದು ಹೆಜ್ಜೆಹೆಜ್ಜೆಗೂ ತಿಳಿಯುತ್ತದೆ. ಎಫ್12 ಒತ್ತಿದರೆ ಕೀಲಿ ಪರಿಚಯದ ಸ್ಥಿತಿ ಶುರುವಾಗುತ್ತದೆ. ಆಮೇಲೆ ಯಾವ ಕೀಲಿ ಒತ್ತಿದರೂ ಅದರ ಕೆಲಸವೇನೆಂದು ಹೇಳುತ್ತದೆಯೇ ಹೊರತು ಆ ಕೆಲಸ ನಡೆದುಬಿಡುವುದಿಲ್ಲ. ಹೊಸದಾಗಿ ಕಲಿಯುವವರು ಮೊದಲ ಎರಡು ವಾರ ಬರೀ ಇದನ್ನೇ ಒತ್ತುತ್ತ ಕುಳಿತರೂ ಸಮಯ ವ್ಯರ್ಥವಾಗದು.

ಅಳವಡಿಕೆಯ ವಿಷಯದಲ್ಲಿ ಒಂದೇ ಒಂದು ಎಚ್ಚರಿಕೆ. ಸ್ಕ್ರೀನ್ ರೀಡರ್‌ನ ಮಾತು ಮತ್ತು ಸಂಗೀತ ಒಂದೇ ದಾರಿಯಲ್ಲಿ ಬರಬಾರದು. ನಾನು ಎನ್‌ವಿಡಿಎ ಧ್ವನಿಯನ್ನು ಲ್ಯಾಪ್‌ಟಾಪ್‌ನ ಸ್ವಂತ ಸ್ಪೀಕರ್‌ಗೂ ರೀಪರ್‌ನ ಧ್ವನಿಯನ್ನು ಮೈಕು, ವಾದ್ಯಗಳನ್ನು ಕಂಪ್ಯೂಟರಿಗೆ ಜೋಡಿಸುವ ಹೊರಗಿನ ಆಡಿಯೊ ಇಂಟರ್‌ಫೇಸ್‌ಗೂ ಕಳಿಸುತ್ತೇನೆ. ಹಾಗೆ ಮಾಡದಿದ್ದರೆ ಎಎಸ್ಐಒ ಎಂಬ ಧ್ವನಿ ಚಾಲಕದಲ್ಲಿ ಸ್ಯಾಂಪಲ್ ದರ (ಸೆಕೆಂಡಿಗೆ ಎಷ್ಟು ಬಾರಿ ಧ್ವನಿಯನ್ನು ಅಳೆಯಬೇಕೆಂಬುದು) ಬದಲಾದಾಗ ಕೆಲವು ಸಾಧನಗಳಲ್ಲಿ ಸ್ಕ್ರೀನ್ ರೀಡರ್‌ನ ದನಿಯೇ ನಿಂತುಹೋಗುತ್ತದೆ, ಮತ್ತು ದನಿ ನಿಂತುಹೋದ ಮೇಲೆ ಅದನ್ನು ಸರಿಪಡಿಸುವ ದಾರಿಯೂ ಮುಚ್ಚಿದಂತೆಯೇ.

ಈಗ ಚಿತ್ರದ ವಿಷಯಕ್ಕೆ ಬರುತ್ತೇನೆ. ರೀಪರ್‌ನಲ್ಲಿ ವಿಡಿಯೊ ಕಡತವನ್ನು ಹಾಡಿನ ಕಡತದಂತೆಯೇ ಒಂದು ಟ್ರ್ಯಾಕ್‌ಗೆ ಹಾಕಬಹುದು. ಅದರ ಚಿತ್ರ ಬೇರೊಂದು ಕಿಟಕಿಯಲ್ಲಿ ಮೂಡುತ್ತದೆ, ಧ್ವನಿ ಟ್ರ್ಯಾಕ್‌ನಲ್ಲೇ ಇರುತ್ತದೆ. ಆ ಕಿಟಕಿಯ ಬಗ್ಗೆ ಒಸಾರಾ ಏನನ್ನೂ ಹೇಳುವುದಿಲ್ಲ. ಹೇಳಲು ಅದಕ್ಕೆ ಸಾಧ್ಯವೂ ಇಲ್ಲ. ಆದರೆ ಧ್ವನಿಯಲ್ಲಿಯೇ ಎಷ್ಟೊಂದು ಚಿತ್ರವಿರುತ್ತದೆ ಎಂಬುದು ಕಣ್ಣಿರುವ ಸಂಗೀತ ನಿರ್ದೇಶಕರಿಗೆ ಹೊಳೆಯುವುದು ಕಡಿಮೆ. ನನ್ನ ಮುಂದಿದ್ದ ಚಿತ್ರದಲ್ಲಿ ಮೊದಲು ಏರಿಯ ಮೇಲೆ ನಡೆಯುವ ಹೆಜ್ಜೆಗಳು, ಜಲ್ಲಿಯಿಂದ ಹುಲ್ಲಿಗೆ ಬದಲಾಗುವ ಅವುಗಳ ಸದ್ದು, ಆಮೇಲೆ ತೂಬಿನ ಕಬ್ಬಿಣ ಕಿರುಗುಟ್ಟುವುದು, ನೀರು ನುಗ್ಗುವುದು, ಹಿರಿಯರೊಬ್ಬರ ಮಾತು ಹೀಗೆ ಸಾಗುತ್ತದೆ. ಹೆಡ್‌ಫೋನ್ ಹಾಕಿಕೊಂಡು ನಾಲ್ಕೈದು ಬಾರಿ ಕೇಳಿದ ಮೇಲೆ ಕೆರೆಯ ಅಗಲವನ್ನೇ ನಾನು ಅಂದಾಜು ಮಾಡಬಲ್ಲವನಾಗಿದ್ದೆ.

ಉಳಿದದ್ದನ್ನು ನಿರ್ದೇಶಕರ ಬಾಯಿಂದ ಕೇಳಬೇಕು. ಸಾಮಾನ್ಯವಾಗಿ ಅವರು "ಇಲ್ಲಿ ಸ್ವಲ್ಪ ಭಾವುಕವಾಗಿರಲಿ" ಎನ್ನುತ್ತಾರೆ. ಅದರಿಂದ ನನಗೆ ಹೆಚ್ಚು ಪ್ರಯೋಜನವಿಲ್ಲ, ಭಾವ ನನ್ನ ಪಾಲಿನ ಕೆಲಸ. ನಾನು ಕೇಳುವ ಪ್ರಶ್ನೆಗಳು ಬೇರೆ: ಕ್ಯಾಮೆರಾ ಎಷ್ಟು ಹತ್ತಿರವಿದೆ, ಯಾರು ಚಲಿಸುತ್ತಿದ್ದಾರೆ, ಎಷ್ಟು ವೇಗವಾಗಿ, ಬೆಳಕು ಯಾವ ಹೊತ್ತಿನದು, ಮುಂದಿನ ದೃಶ್ಯ ಫಕ್ಕನೆ ಬದಲಾಗುತ್ತದೆಯೋ ಕರಗುತ್ತ ಬರುತ್ತದೆಯೋ. ಬಿಂದಿಗೆ ಹಿಡಿದ ಹುಡುಗಿಯ ಬರೀ ಬೆರಳುಗಳು ಪರದೆ ತುಂಬಿವೆ ಎಂದು ತಿಳಿದರೆ ಅಲ್ಲಿ ಒಂದೇ ತಂತಿಯ ಮೀಟು ಸಾಕು; ಅದೇ ಹುಡುಗಿ ಇಡೀ ಕೆರೆಯ ಮುಂದೆ ಚುಕ್ಕೆಯಷ್ಟಾಗಿ ಕಾಣುತ್ತಾಳೆ ಎಂದರೆ ತಂಬೂರಿಯ ಕೆಳಸ್ಥಾಯಿಯ ಜೊತೆ ಕೊಳಲನ್ನು ದೂರದಿಂದ ಕೇಳಿಸಬೇಕು. ಈ ವಿವರಗಳನ್ನು ಅವರು ಸಮಯದ ಸಮೇತ ಸ್ಪ್ರೆಡ್‌ಶೀಟ್‌ನಲ್ಲಿ ಬರೆದು ಕಳಿಸಿದರು. ರೀಪರ್‌ನ ಮಾರ್ಕರ್ (ಸಮಯದ ಗುರುತು) ನಿರ್ವಾಹಕಕ್ಕೆ ಸಿಎಸ್‌ವಿ ಎಂಬ ಸರಳ ಬರಹ ರೂಪದ ಪಟ್ಟಿಯನ್ನು ಒಟ್ಟಿಗೇ ತುಂಬಬಹುದಾದ್ದರಿಂದ, ಕಾಲಂಗಳನ್ನು ಅದಕ್ಕೆ ಬೇಕಾದಂತೆ ಹೊಂದಿಸಿದ ಮೇಲೆ ಇಡೀ ಚಿತ್ರ ಹೆಸರುಳ್ಳ ಮಾರ್ಕರ್‌ಗಳ ಸಾಲಾಗಿ ನನ್ನ ಮುಂದೆ ಬಂತು. ಒಂದರಿಂದ ಇನ್ನೊಂದಕ್ಕೆ ಜಿಗಿದಂತೆ ಒಸಾರಾ ಹೆಸರನ್ನು ಓದುತ್ತ ಹೋಗುತ್ತದೆ: ಏರಿ, ಹೆಜ್ಜೆ, ತೂಬು, ಬಿಂದಿಗೆ, ಅಜ್ಜನ ಮುಖ. ಪರದೆ ಎಂಬುದು ನನ್ನ ಮಟ್ಟಿಗೆ ಬೆರಳಲ್ಲಿ ಎಣಿಸಬಹುದಾದ ಮಣಿಸರವಾಯಿತು. ನಡುವೆ ಹೊಸದೊಂದನ್ನು ಸೇರಿಸಬೇಕಾದರೆ ಶಿಫ್ಟ್ ಜೊತೆ ಎಂ ಒತ್ತಿ ಹೆಸರು ಬರೆಯಬಹುದು. ನಿರ್ದಿಷ್ಟ ಸಮಯಕ್ಕೆ ಹೋಗಲು ಕಂಟ್ರೋಲ್ ಜೊತೆ ಜೆ ಒತ್ತಿ ಅಂಕಿಗಳನ್ನು ಬರೆದರಾಯಿತು.

ಹೆಸರುಗಳನ್ನು ಕನ್ನಡದಲ್ಲೇ ಬರೆಯಲು ರೀಪರ್‌ನಲ್ಲಿ ಅಡ್ಡಿಯಿಲ್ಲ. ಎನ್‌ವಿಡಿಎ ಜೊತೆಗೇ ಬರುವ, ಬರಹವನ್ನು ಮಾತಾಗಿಸುವ ಇಸ್ಪೀಕ್‌ನ ಕನ್ನಡ ದನಿ ಅವನ್ನು ಓದುತ್ತದೆ. ಆ ದನಿ ಯಾಂತ್ರಿಕವಾಗಿದೆ, ಮಹಾಪ್ರಾಣಗಳಲ್ಲಿ ಒರಟು, ಆದರೆ ಅರ್ಥ ಕೆಡುವುದಿಲ್ಲ. ಎನ್‌ವಿಡಿಎಯಲ್ಲಿ ಒಂದೊಂದು ತಂತ್ರಾಂಶಕ್ಕೂ ಬೇರೆ ಬೇರೆ ದನಿಯನ್ನು ಗೊತ್ತುಮಾಡುವ ಸೌಲಭ್ಯವಿರುವುದರಿಂದ ರೀಪರ್ ತೆರೆದಾಗ ಮಾತ್ರ ಕನ್ನಡ ದನಿ ಬರುವಂತೆ ನಾನು ಇಟ್ಟುಕೊಂಡಿದ್ದೇನೆ.

ಕಡತ ಕಳಿಸುವ ಸಂಕಲನಕಾರರಿಗೂ ಎರಡು ಮಾತು ಮೊದಲೇ ಹೇಳಿಟ್ಟಿರಬೇಕು. ಚಿತ್ರದ ಮೂಲೆಯಲ್ಲಿ ಟೈಮ್‌ಕೋಡ್, ಅಂದರೆ ಗಂಟೆಯಿಂದ ಫ್ರೇಮಿನವರೆಗಿನ ಸಮಯದ ಅಂಕಿ, ಅಚ್ಚೊತ್ತಿ ಕಳಿಸುವುದು ವಾಡಿಕೆ. ಅದು ನನಗೆ ಇದ್ದೂ ಇಲ್ಲದ ಹಾಗೆ. ಬದಲಿಗೆ ಚಿತ್ರದ ಮೊದಲ ಫ್ರೇಮಿನ ಟೈಮ್‌ಕೋಡ್ ಎಷ್ಟೆಂದು ಬರೆದು ತಿಳಿಸಿದರೆ ಯೋಜನೆಯ ಆರಂಭದ ಸಮಯವನ್ನು ನಾನು ಅದಕ್ಕೇ ಹೊಂದಿಸುತ್ತೇನೆ, ಆಗ ಅವರ ಪಟ್ಟಿಯೂ ನನ್ನ ಲೆಕ್ಕವೂ ಒಂದೇ ಆಗುತ್ತದೆ. ಎರಡನೆಯದು, ಮೊಬೈಲ್‌ನಲ್ಲಿ ತೆಗೆದ ದೃಶ್ಯಗಳ ಫ್ರೇಮ್ ದರ (ಸೆಕೆಂಡಿಗೆ ಎಷ್ಟು ಚಿತ್ರ ಎಂಬುದು) ಹಲವು ಬಾರಿ ಏರಿಳಿಯುತ್ತಿರುತ್ತದೆ. ಅಂಥ ಕಡತವನ್ನು ಸ್ಥಿರ ದರಕ್ಕೆ ಬದಲಿಸಿಯೇ ಕಳಿಸಬೇಕು. ಕಣ್ಣಿರುವವರಿಗೆ ತುಟಿಯೂ ಮಾತೂ ಕೂಡದಿರುವುದು ಕೂಡಲೇ ಕಾಣುತ್ತದೆ. ನನಗೆ ಅದು ಗೊತ್ತಾಗುವುದು ಕೆಲಸ ಮುಗಿದು ಬೇರೆಯವರು ದೂರಿದ ಮೇಲೆ.

ಈ ತಂತ್ರಾಂಶದ ಬಗ್ಗೆ ನನಗಿರುವ ಪ್ರೀತಿಗೆ ಮುಖ್ಯ ಕಾರಣ ತಾಳದ ಲೆಕ್ಕ. ತೂಬು ತೆರೆಯುವುದು ಸರಿಯಾಗಿ 18ನೇ ಸೆಕೆಂಡಿಗೆ. ಅಜ್ಜನ ಮುಖ ಬರುವುದು 47.5 ಸೆಕೆಂಡಿಗೆ. ನಿಮಿಷಕ್ಕೆ 80 ಅಕ್ಷರದ, ಅಂದರೆ ತಾಳದ 80 ಏಟಿನ, ನಡೆ ಹಿಡಿದರೆ ಒಂದು ಅಕ್ಷರಕ್ಕೆ 0.75 ಸೆಕೆಂಡ್, 18 ಸೆಕೆಂಡಿಗೆ 24 ಅಕ್ಷರ, ಅಂದರೆ ಎಂಟು ಅಕ್ಷರದ ಆದಿತಾಳದ ಮೂರು ಆವರ್ತ ಮುಗಿದು ಸಮಕ್ಕೆ (ಆವರ್ತದ ಮೊದಲ ಏಟಿಗೆ) ತೂಬು ತೆರೆಯುತ್ತದೆ. ಅಲ್ಲಿಂದ ಮುಂದಿನ 29.5 ಸೆಕೆಂಡಿನಲ್ಲಿ ಇದೇ ನಡೆಯಾದರೆ 39 ಅಕ್ಷರ ದಾಟಿ ಸ್ವಲ್ಪ ಉಳಿಯುತ್ತದೆ, ಸಮ ಅಜ್ಜನ ಮುಖದ ನಂತರ ಬೀಳುತ್ತದೆ. 40 ಅಕ್ಷರ, ಅಂದರೆ ಐದು ಆವರ್ತ, ಕೂಡಬೇಕಾದರೆ ನಡೆ 81.36 ಆಗಬೇಕು. ತೂಬಿನ ಮಾರ್ಕರ್‌ನ ಜಾಗದಲ್ಲಿ ಹೊಸ ಟೆಂಪೊ (ನಡೆ) ಮಾರ್ಕರ್ ಇಟ್ಟು ಈ ಅಂಕಿಯನ್ನು ಬರೆದೆ. ಅಜ್ಜನ ಮಾರ್ಕರ್‌ಗೆ ಹೋಗಿ ಸ್ಥಾನ ಕೇಳಿದರೆ ಒಸಾರಾ ಬಾರ್ 17, ಬೀಟ್ 1 ಎಂದಿತು (ಇಲ್ಲಿ ನಾಲ್ಕು ಅಕ್ಷರಕ್ಕೆ ಒಂದು ಬಾರ್; 64 ಅಕ್ಷರಕ್ಕೆ 16 ಬಾರ್ ಮುಗಿದಿರುತ್ತವೆ). 80ರಿಂದ 81.36ಕ್ಕೆ ಏರಿದ್ದು ಯಾರ ಕಿವಿಗೂ ಬೀಳುವಂಥದ್ದಲ್ಲ. ನೀರು ನುಗ್ಗಿದ ಮೇಲೆ ನಡೆ ಕೊಂಚ ಚುರುಕಾಗುವುದು ಸಹಜವೂ ಹೌದು. ಪರದೆ ನೋಡುತ್ತ ಕೈಯಂದಾಜಿನಲ್ಲಿ ಹೊಂದಿಸುವವರಿಗಿಂತ ಈ ಒಂದು ವಿಷಯದಲ್ಲಿ ನಾವು ಹಿಂದಿಲ್ಲ ಎಂದು ನಾನು ಸಂತೋಷದಿಂದ ಹೇಳಬಲ್ಲೆ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪರಂಪರೆಯಲ್ಲಿ ಕಲಿತ ನನ್ನ ಗುರುಗಳು ತೊಡೆಯ ಮೇಲೆ ತಾಳ ತಟ್ಟಿಸಿ ಕಲಿಸಿದ ಎಣಿಕೆಯೇ ಇಲ್ಲಿ ಫ್ರೇಮಿನ ಲೆಕ್ಕವಾಗಿ ಕೈಹಿಡಿಯಿತು. ದೃಷ್ಟಿಯಿಲ್ಲದವರು ದೃಶ್ಯಕ್ಕೆ ಸಂಗೀತ ಕಟ್ಟುವುದೂ ಹೊಸದಲ್ಲ. 1987ರಲ್ಲಿ ಆರಂಭವಾದ ದೂರದರ್ಶನದ ರಾಮಾಯಣಕ್ಕೆ ಸಂಗೀತ ಕೊಟ್ಟ ರವೀಂದ್ರ ಜೈನ್ ಹುಟ್ಟಿನಿಂದ ದೃಷ್ಟಿಯಿಲ್ಲದವರಾಗಿದ್ದರು.

ಇದೇ ಜಾಗದಲ್ಲಿ ನಾನು ಎಡವಿದ್ದನ್ನೂ ಹೇಳಬೇಕು. ಮೊದಲ ಬಾರಿ ಟೆಂಪೊ ಬದಲಿಸಿದ ಕೂಡಲೇ ಅಜ್ಜನ ಮಾತು ಒಂದಿಷ್ಟು ಅವಸರದ್ದಾಗಿ ಕೇಳಿತು. ಶ್ರುತಿ ಬದಲಾಗಿರಲಿಲ್ಲ, ಆದರೆ ಉಸಿರಿನ ಬಿಡುವು ಕಿರಿದಾಗಿತ್ತು. ರೀಪರ್ ಮೂಲತಃ ಎಲ್ಲವನ್ನೂ ತಾಳಕ್ಕೆ ಕಟ್ಟಿರುತ್ತದೆ. ತಾಳ ಬದಲಾದರೆ ಅದಕ್ಕೆ ಕಟ್ಟಿದ ವಿಡಿಯೊ ಕೂಡ ಜಗ್ಗುತ್ತದೆ ಎಂಬುದನ್ನು ನಾನು ಗಮನಿಸಿರಲಿಲ್ಲ. ಯೋಜನೆಯ ಸೆಟ್ಟಿಂಗ್‌ನಲ್ಲಿ ಟೈಮ್‌ಬೇಸ್ ಅನ್ನು ಟೈಮ್ ಎಂದು ಮಾಡಿ, ಸ್ವರಗಳನ್ನು ಧ್ವನಿಯಾಗಿ ಅಲ್ಲದೆ ಸೂಚನೆಗಳಾಗಿ ಇಡುವ ಮಿಡಿ ಟ್ರ್ಯಾಕ್‌ಗಳಿಗೆ ಮಾತ್ರ ಬೀಟ್ಸ್ ಎಂದು ಇಟ್ಟುಕೊಂಡರೆ ಚಿತ್ರವೂ ಮಾರ್ಕರ್‌ಗಳೂ ಕಲ್ಲಿನಂತೆ ನಿಲ್ಲುತ್ತವೆ, ಸಂಗೀತ ಮಾತ್ರ ಹಿಗ್ಗಿ ಕುಗ್ಗುತ್ತದೆ. ದೃಶ್ಯಕ್ಕೆ ಕೆಲಸ ಮಾಡುವವರು ಒಂದು ಸ್ವರ ನುಡಿಸುವ ಮೊದಲೇ ಇದನ್ನು ಮಾಡಿಡಬೇಕು.

ಸ್ವರಗಳನ್ನು ತಿದ್ದುವ ಮಿಡಿ ಸಂಪಾದಕದಲ್ಲಿ ಎಡಬಲ ಬಾಣಗಳು ಒಂದು ಕ್ಷಣದಿಂದ ಮುಂದಿನದಕ್ಕೆ, ಮೇಲೆ ಕೆಳಗಿನ ಬಾಣಗಳು ಆ ಕ್ಷಣದ ಸ್ವರಗಳ ನಡುವೆ ಓಡಾಡಿಸುತ್ತವೆ. ಪ್ರತಿಯೊಂದನ್ನೂ ಹೆಸರು ಹೇಳಿ ನುಡಿಸಿ ಕೇಳಿಸುತ್ತದೆ. ಹೆಸರುಗಳು ಪಾಶ್ಚಾತ್ಯ ಪದ್ಧತಿಯವು, ಸರಿಗಮ ಬೇಕಾದರೆ ಮನಸ್ಸಿನಲ್ಲೇ ಹೊಂದಿಸಿಕೊಳ್ಳಬೇಕು. ಸ್ವರಗುಚ್ಛಗಳಿಗೆ, ತಾಳವಾದ್ಯಗಳಿಗೆ ಇದು ಬೇಕಾದಷ್ಟಾಯಿತು. ಗಮಕಕ್ಕೆ ಮಾತ್ರ ಸಾಲದು. ತೋಡಿ ರಾಗದ ಗಾಂಧಾರವನ್ನು ಪಿಚ್ ಬೆಂಡ್ (ಸ್ವರವನ್ನು ಏರಿಳಿಸಿ ಜಗ್ಗುವ) ಅಂಕಿಗಳಲ್ಲಿ ಕಟ್ಟಲು ಹೊರಟವರಿಗೆ ಇದರ ಕಷ್ಟ ತಿಳಿಯುತ್ತದೆ. ಗೆರೆ ಎಳೆದು ತೋರಿಸುವ ಸೌಲಭ್ಯ ಕಣ್ಣಿರುವವರಿಗಷ್ಟೇ. ಹಾಗಾಗಿ ರಾಗದ ಎಳೆಯನ್ನು ಕಲಾವಿದರಿಂದಲೇ ನುಡಿಸಿ ಮುದ್ರಿಸಿಕೊಳ್ಳುವುದು ಲೇಸು, ನಾನು ಕೊಳಲನ್ನು ಹಾಗೆಯೇ ಮಾಡಿದೆ.

ಕೊರತೆಗಳ ಪೈಕಿ ದೊಡ್ಡದು ರೀಪರ್‌ನದಲ್ಲ, ಅದರೊಳಗೆ ಹೊರಗಿನಿಂದ ಸೇರಿಸಿ ಬಳಸುವ ವಾದ್ಯ ತಂತ್ರಾಂಶಗಳಾದ ಪ್ಲಗಿನ್‌ಗಳದು. ಅನೇಕ ಪ್ಲಗಿನ್‌ಗಳ ಮುಖಪುಟ ಬರೀ ಚಿತ್ರ. ಸ್ಕ್ರೀನ್ ರೀಡರ್‌ಗೆ ಅದು ಖಾಲಿ ಗೋಡೆ. ಒಸಾರಾದಲ್ಲಿ ಪಿ ಕೀಲಿ ಒತ್ತಿದರೆ ಪ್ಲಗಿನ್‌ನ ನಿಯಂತ್ರಣಗಳೆಲ್ಲ ಪಟ್ಟಿಯಾಗಿ ತೆರೆದುಕೊಂಡು ಬಾಣದ ಕೀಲಿಯಲ್ಲೇ ಏರಿಸಿ ಇಳಿಸಲು ಬರುತ್ತವೆ, ಇದರಿಂದ ಬಹಳಷ್ಟು ಕೆಲಸ ಸಾಗುತ್ತದೆ. ಆದರೆ ವಾದ್ಯದ ಸ್ವರಸಂಗ್ರಹವನ್ನೇ ಆರಿಸುವುದು ಆ ಪಟ್ಟಿಯಲ್ಲಿ ಬಾರದೆ ಇದ್ದರೆ ಕೈಚೆಲ್ಲಬೇಕು. ತಂತಿವಾದ್ಯಗಳ ಸಂಗ್ರಹವೊಂದನ್ನು ನಾನು ದುಬಾರಿ ಬೆಲೆ ತೆತ್ತು ಕೊಂಡು, ಒಳಗಿನ ವಾದ್ಯವನ್ನು ಬದಲಿಸಲು ಪ್ರತಿ ಬಾರಿಯೂ ಮನೆಯವರನ್ನು ಕರೆಯಬೇಕಾಗಿ ಬಂದು ಅದನ್ನು ಬದಿಗಿಟ್ಟಿದ್ದೇನೆ. ಕೊಳ್ಳುವ ಮುನ್ನ ಪರೀಕ್ಷಾ ಆವೃತ್ತಿ ಕೇಳುವುದು ನಮ್ಮ ಹಕ್ಕೆಂದೇ ತಿಳಿಯಬೇಕು. ದಾರಿ ಇಲ್ಲದೆ ಇಲ್ಲ. ಉಚಿತವಾದ ಸರ್ಜ್ ಎಕ್ಸ್‌ಟಿ ಸಿಂಥಸೈಸರ್ ಸ್ಕ್ರೀನ್ ರೀಡರ್‌ಗೆ ಚೆನ್ನಾಗಿ ಸ್ಪಂದಿಸುತ್ತದೆ. ನೇಟಿವ್ ಇನ್‌ಸ್ಟ್ರುಮೆಂಟ್ಸ್‌ನ ಕಂಪ್ಲೀಟ್ ಕಂಟ್ರೋಲ್ ಎಸ್ ಸರಣಿಯ ಕೀಬೋರ್ಡ್‌ಗಳಲ್ಲಿ ಗುಂಡಿ ಮುಟ್ಟಿದರೆ ಮಾತಾಡುವ ವ್ಯವಸ್ಥೆ ಇದೆ. ಆರ್ಟುರಿಯಾದ ಅನಲಾಗ್ ಲ್ಯಾಬ್‌ನಲ್ಲಿಯೂ ಓದಿ ಹೇಳುವ ಸೌಲಭ್ಯ ಸೇರಿದೆ. ಮ್ಯಾಕ್ ಇರುವವರು ಲಾಜಿಕ್ ಪ್ರೊ ಎಂಬ ಧ್ವನಿಮುದ್ರಣ ತಂತ್ರಾಂಶವನ್ನೂ ನೋಡಬಹುದು, ವಾಯ್ಸ್‌ಓವರ್‌ನೊಂದಿಗೆ ಅದು ಕೆಲಸ ಮಾಡುತ್ತದೆ. ಆದರೆ ಮ್ಯಾಕ್ ಕೊಳ್ಳುವ ಹಣದಲ್ಲಿ ನಮ್ಮಲ್ಲಿ ಲ್ಯಾಪ್‌ಟಾಪು, ಮೈಕು, ಇಂಟರ್‌ಫೇಸು ಎಲ್ಲವೂ ಬರುತ್ತವೆ.

ಬೆಲೆಯೂ ರೀಪರ್ ಪರವಾಗಿಯೇ ಇದೆ. ಸ್ವಂತ ಬಳಕೆಗೆ ಮತ್ತು ಅದರಿಂದ ವರ್ಷಕ್ಕೆ 20,000 ಡಾಲರ್ ಮೀರಿ ಗಳಿಸದವರಿಗೆ ಪರವಾನಗಿ 60 ಡಾಲರ್, ನಮ್ಮ ಲೆಕ್ಕದಲ್ಲಿ 5 ಸಾವಿರ ರೂಪಾಯಿಗೆ ಸ್ವಲ್ಪ ಮೇಲೆ; ಹೆಚ್ಚು ಗಳಿಸುವವರಿಗೆ 225 ಡಾಲರ್. ಒಳಗಿನ ಸೌಲಭ್ಯದಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. 60 ದಿನ ಹಣ ಕೊಡದೆ ಪೂರ್ತಿಯಾಗಿ ಬಳಸಿ ನೋಡಬಹುದು. ಎನ್‌ವಿಡಿಎ ಮತ್ತು ಒಸಾರಾ ಉಚಿತವೆಂದ ಮೇಲೆ ಒಟ್ಟು ಖರ್ಚು ಇಷ್ಟೇ.

ಕೆಲಸ ಮುಗಿದ ಮೇಲೆ ಕಡತ ಹೊರತೆಗೆಯುವ ಹಂತದಲ್ಲಿ ನನಗೆ ಇಷ್ಟವಾದದ್ದು, ಕಡತ ಬರೆಯದೆಯೇ ಲೆಕ್ಕ ಮಾತ್ರ ಹಾಕಿ ತೋರಿಸುವ ಡ್ರೈ ರನ್. ಒಟ್ಟಾರೆ ಧ್ವನಿಮಟ್ಟ ಎಷ್ಟು ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ), ಗರಿಷ್ಠ ಮಟ್ಟ ಎಷ್ಟು ಎಂಬುದನ್ನು ಅಂಕಿಗಳಾಗಿ ಕೊಡುತ್ತದೆ. ಕುಣಿಯುವ ಮೀಟರನ್ನು ನೋಡಲಾಗದವನಿಗೆ ಅಂಕಿಗಿಂತ ಒಳ್ಳೆಯ ಸಾಕ್ಷಿ ಬೇರಿಲ್ಲ. ಚಿತ್ರ ಆರಂಭಕ್ಕೆ ಸರಿಯಾಗಿ ಎರಡು ಸೆಕೆಂಡ್ ಮೊದಲು ಒಂದು ಫ್ರೇಮಿನಷ್ಟು, ಅಂದರೆ ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ 40 ಮಿಲಿಸೆಕೆಂಡ್, ಬೀಪ್ ಸದ್ದು ಇಟ್ಟು ಕಳಿಸಿದರೆ ಸಂಕಲನಕಾರರಿಗೆ ಕೂಡಿಸುವುದು ಸಲೀಸು.

ಹಾಗೆ ಕಳಿಸಿದ ಮರುದಿನವೇ ನಿರ್ದೇಶಕರಿಂದ ಕರೆ ಬಂತು: ಬಿಂದಿಗೆಯ ದೃಶ್ಯವನ್ನು 12 ಫ್ರೇಮ್ ಕತ್ತರಿಸಿದ್ದಾರೆ, ಅಜ್ಜನ ಮುಖ ಈಗ 47.02 ಸೆಕೆಂಡಿಗೇ ಬರುತ್ತದೆ. ಕೊಳಲಿನವರು ಆಗಲೇ ಊರಿಗೆ ಹೋಗಿಯಾಗಿತ್ತು. ಹೊಸ ಚಿತ್ರವನ್ನು ಹಾಕಿ, ಅಜ್ಜನ ಮಾರ್ಕರನ್ನೂ ಅದರ ಮುಂದಿನವನ್ನೂ ಅಷ್ಟೇ ಹಿಂದಕ್ಕೆ ಸರಿಸಿ, ತೂಬಿನ ಟೆಂಪೊವನ್ನು 82.70 ಎಂದು ತಿದ್ದಿದೆ. ಮಿಡಿಯಲ್ಲಿದ್ದ ತಂಬೂರಿ, ಮೃದಂಗ ಎರಡೂ ಐದು ಆವರ್ತಕ್ಕೆ ತಾವಾಗಿ ಕೂಡಿಕೊಂಡವು. ಮುದ್ರಿಸಿದ ಕೊಳಲಿಗೆ ಶ್ರುತಿ ಕದಲದಂತೆ ಪ್ಲೇಬ್ಯಾಕ್ ದರವನ್ನು 1.0165 ಎಂದು ಬರೆದು ಉದ್ದ ಸರಿಪಡಿಸಿ, ಕಣ್ಣು ಬೇಡದ ಆ ಕೆಲಸವನ್ನು ಮುಗಿಸಿ ಮೂರು ಬಾರಿ ಕೇಳಿದೆ. ಕೊನೆಯ ಪಂಚಮ ಅಜ್ಜನ ಮೊದಲ ಮಾತಿಗೆ ಜಾಗ ಬಿಟ್ಟು ನಿಂತಿತ್ತು. ಆ ಸಂಜೆಯೇ ಕಡತ ಕಳಿಸಿದೆ.